ಬೆಕ್ಕಿಗೂ ಒಬ್ಬ ವೈದ್ಯ

ಕೆಲವು ವಿಷಯಗಳು ಹೆಸರೆತ್ತಿದ ಮಾತ್ರಕ್ಕೆ ನಗೆಯನ್ನುಂಟುಮಾಡುವುವು. ಬೆಕ್ಕಿನ ವೈದ್ಯಶಾಲೆಯು ಅಂತಹುದೊಂದು. ನಮ್ಮ ಗಾದೆಗಳಲ್ಲಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ. ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟ ಕಾಣುವ ಕಠಿನಹೃದಯಿ. ದಾರಿಗೆ ಅಡ್ಡ ಬಂದರೆ ಹೊರಟ ಕೆಲಸವನ್ನು ಕೆಡಿಸುವ ಅಪಶಕುನ. ಮನುಷ್ಯನಿಗೇ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕುವುದು ಕಷ್ಟವಾಗಿರುವಾಗ ಇಂತಹ ಪ್ರಾಣಿಗೆ ಬೇರೆಯೇ ಒಬ್ಬ ವೈದ್ಯನೇಕೆ ಎಂದು ವಾಚಕರು ಕೇಳಿಯಾರು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಪಶುವೈದ್ಯದ ಚರಿತ್ರೆಯಿಂದಲೂ ಉಡುಪಿ ಜಿಲ್ಲೆಯ ಮನೆಗಳಿಂದಲೂ ಹುಡುಕಿ ಕೊಡಲು ಯತ್ನಿಸುವೆವು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರು ಕನ್ನಡನಾಡಿನಲ್ಲಿಲ್ಲ. ರಾಜಧಾನಿಯಲ್ಲಿ ಇಲಿಗಳ ಕಾಟ ಹೆಚ್ಚಲಾಗಿ ರಾಯನು ಮನೆಗೊಂದು ಬೆಕ್ಕನ್ನೂ ಅದಕ್ಕೆ ಹಾಲೂಡಲು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು ಬೆಕ್ಕಿನ ನಾಲಗೆಯನ್ನು ಸುಟ್ಟನು. ಆ ಮೇಲೆ ಅದು ಹಾಲನ್ನು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲವೂ ಅವನ ಪಾಲಾಯಿತು. ನಾವೆಲ್ಲರೂ ಚಿಕ್ಕಂದಿನಿಂದ ಈ ಕಥೆಗೆ ನಕ್ಕವರೇ. ನಾಲಗೆ ಸುಟ್ಟುಕೊಂಡ ಬೆಕ್ಕಿನ ಗತಿಯೇನಾಯಿತೆಂದು ಮಾತ್ರ ಒಬ್ಬರೂ ಕೇಳಿದವರಲ್ಲ. ಪ್ರಾಣಿವೈದ್ಯದ ಇತಿಹಾಸದಲ್ಲಿ ಬೆಕ್ಕಿಗೆ ದೊರೆತ ಸ್ಥಾನವೂ ಬಹುಕಾಲ ಇಷ್ಟೇ ಆಗಿತ್ತು. ಅದರ ದುಡಿಮೆ ಎಲ್ಲರಿಗೂ ಬೇಕಾಗಿತ್ತು, ಅದರ ನೋವು ಯಾರಿಗೂ ಬೇಕಾಗಿರಲಿಲ್ಲ.

ಪಶುವೈದ್ಯವು ನಮ್ಮಲ್ಲಿ ನಿನ್ನೆ ಮೊನ್ನೆಯದಲ್ಲ. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ ಎಂದು ಸಂಸ್ಕೃತದಲ್ಲಿ ಪರಂಪರೆಯುಂಟು. ಕನ್ನಡದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ರಚಿಸಿದನು, ಅಭಿನವಚಂದ್ರನ ‘ಅಶ್ವವೈದ್ಯ’ವು ಆ ಬಳಿಕ ಬಂದಿತು. ಅರಸುಮನೆತನದವನೊಬ್ಬನು ದನಗಳ ರೋಗಗಳ ಮೇಲೆ ದೇಶಭಾಷೆಯಲ್ಲಿ ಗ್ರಂಥ ಬರೆದನೆಂಬುದು ಕನ್ನಡಿಗರು ಅಭಿಮಾನ ಪಡತಕ್ಕ ಸಂಗತಿ. ಆದರೆ ಈ ಶಾಸ್ತ್ರಗಳು ಯಾವ ಯಾವ ಪ್ರಾಣಿಯನ್ನು ಕುರಿತುವೆಂಬುದನ್ನು ಗಮನಿಸಬೇಕು. ಆನೆ ಮತ್ತು ಕುದುರೆ ಯುದ್ಧಕ್ಕೆ ಬೇಕಾದುವು. ಎತ್ತು ನೇಗಿಲಿಗೆ, ಹಸು ಹಾಲಿಗೆ. ಬೊಕ್ಕಸಕ್ಕೆ ಯಾವುದರಿಂದ ಪ್ರಯೋಜನವೋ ಅದಕ್ಕೆ ವೈದ್ಯನುಂಟು.

ಯೂರೋಪದಲ್ಲಿಯೂ ಸಂಗತಿ ಬೇರೆಯಾಗಿರಲಿಲ್ಲ. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ 1762ರಲ್ಲಿ ಪಾಠಗಳು ಮೊದಲಾದ ಪಶುವೈದ್ಯಶಾಲೆಯು ಲೋಕಕ್ಕೆ ಮೊದಲನೆಯದು. ಅದನ್ನು ತೆರೆದ ಬೂರ್ಜೆಲಾ ಎಂಬಾತನು ಕುದುರೆ ಸವಾರಿಯಲ್ಲಿ ಹೆಸರಾದವನು, ಆ ಶಾಲೆಗೆ ಅರಸನ ನೆರವು ದೊರೆತುದು ದನಗಳ ಮಾರಿಯನ್ನು ತಡೆಯಲಿಕ್ಕಾಗಿ. ಆಂಗ್ಲರ ಆಳಿಕೆಯಲ್ಲಿ ಇಂಡಿಯಾ ದೇಶಕ್ಕೆ ಬಂದ ಪಶುವೈದ್ಯವೂ ಇದೇ ದಾರಿಯನ್ನು ಹಿಡಿಯಿತು. 1882ರಲ್ಲಿ ಲಾಹೋರಿನ ಕಾಲೇಜು, 1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆ, ಆ ಮೇಲೆ ಅದು ಮುಕ್ತೇಶ್ವರದ ಬೆಟ್ಟಕ್ಕೆ ಹೋದುದು, ಇವೆಲ್ಲಕ್ಕೂ ಸೈನ್ಯದ ಕುದುರೆಯೂ ರೈತನ ದನವೂ ಕಾರಣ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸಿಗೆ ಸೇರಿತ್ತು. ಆ ಪ್ರಾಂತದ ಪಶುವೈದ್ಯ ಕಾಲೇಜು ಮದ್ರಾಸಿನಲ್ಲಿ 1903ರಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದುದು ದನಗಳ ದೊಡ್ಡರೋಗವನ್ನು ನೀಗಲಿಕ್ಕಾಗಿ. ಈ ಪರಿಶ್ರಮವು ಫಲಿಸಿತೆಂಬುದನ್ನು ಸಂತೋಷದಿಂದ ಹೇಳಬೇಕು: 2011ರಲ್ಲಿ ದೊಡ್ಡರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಇಷ್ಟು ದೊಡ್ಡ ಕಾರ್ಯವನ್ನು ಸಾಧಿಸಿದ ಇಲಾಖೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾಲು ಕೊಡದ, ಹೂಡಲು ಬಾರದ, ಹರಾಜಿನಲ್ಲಿ ಬೆಲೆ ಬಾಳದ ಬೆಕ್ಕು ಈ ಲೆಕ್ಕದೊಳಗೆ ಬರಲಿಲ್ಲವೆಂದಷ್ಟೇ ತೋರಿಸಬೇಕಾಗಿದೆ. 2019ರ ಜಾನುವಾರು ಗಣತಿಯಲ್ಲಿ ಒಂಟೆಗೆ, ಮೊಲಕ್ಕೆ, ನಾಯಿಗೆ, ಆನೆಗೆ ಕಲಮುಗಳಿದ್ದುವು; ಬೆಕ್ಕಿಗೆ ಇರಲಿಲ್ಲ.

ಸರಕಾರದವರು ಬೆಕ್ಕನ್ನು ನೆನೆದ ಸಂದರ್ಭವೇ ಇಲ್ಲವೆಂದಲ್ಲ. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಿತು. ಊರುಗಳು ಬರಿದಾದುವು. ಇಲಿಯೇ ಈ ಮಾರಿಯ ವಾಹನವೆಂದು ಗೊತ್ತಾದ ಬಳಿಕ, ಅಮರಾವತಿಯಲ್ಲಿ ಸರಕಾರೀ ವೈದ್ಯರಾಗಿದ್ದ ಬ್ಯುಕ್ಯಾನನ್ ಎಂಬವರು ಬೆಕ್ಕು ಸಾಕಿದ ಊರುಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಲೇಖನ ಬರೆದರು. ವಿಜಯನಗರದ ಕಥೆಯೇ ಮತ್ತೆ ನಡೆದಂತಾಯಿತು. ಬೆಕ್ಕಿಗೂ ಪ್ಲೇಗು ತಗಲುವುದು, ಅದರಿಂದ ಮನುಷ್ಯನಿಗೂ ಹರಡಬಹುದು ಎಂಬುದನ್ನು ಇಂದಿನ ಶಾಸ್ತ್ರವು ಬಲ್ಲುದು. ಎಂದ ಮೇಲೆ, ಇಲಿಯೊಡನೆ ಹೋರಾಡಲು ಕಳುಹಿದ ಈ ಸಿಪಾಯಿಗೆ ಗಾಯವಾದರೆ ನೋಡುವವರು ಬೇಕೆಂಬ ಆಲೋಚನೆ ಅಂದಿನ ಯೋಜನೆಗಳಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾದರೆ ಬೆಕ್ಕಿನ ವೈದ್ಯವು ಎಲ್ಲಿಂದ ಬಂದಿತು? ಮನೆಗಳಿಂದ ಬಂದಿತು. ಪ್ರಾಣಿಗಳ ಆಸ್ಪತ್ರೆಯೊಂದು ಒಂದು ಮನೆತನದ ದಾನದಿಂದ ಏಳಬಹುದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ಪಾರ್ಸಿ ಶ್ರೀಮಂತರಾದ ಸರ್ ದಿನ್ಶಾ ಮಾಣೆಕ್‌ಜೀ ಪೆಟಿಟರು ಪರೇಲಿನಲ್ಲಿ ತಮ್ಮ ಪತ್ನಿ ಸಕರ್‌ಬಾಯಿಯವರ ಹೆಸರಿನಿಂದ ಕಟ್ಟಿಸಿಕೊಟ್ಟ ಪ್ರಾಣಿಚಿಕಿತ್ಸಾಲಯದ ಆವರಣದಲ್ಲಿಯೇ 1886ರಲ್ಲಿ ಮುಂಬಯಿಯ ಪಶುವೈದ್ಯ ಕಾಲೇಜು ತೆರೆಯಿತು. ದಾನವು ಮುಂದೆ ನಡೆಯಿತು, ವಿದ್ಯೆಯು ಹಿಂಬಾಲಿಸಿತು.

ಕೇವಲ ಬೆಕ್ಕಿಗಾಗಿಯೇ ವೃತ್ತಿಯನ್ನು ಮೀಸಲಿಟ್ಟ ಮೊದಲನೆಯವರೆಂದು ಅಮೆರಿಕೆಯಲ್ಲಿ ಹೆಸರಾದವರು ಡಾ. ಲೂಯಿ ಕಮೂಟಿಯವರು. 1893ರಲ್ಲಿ ಇಟಲಿಯಲ್ಲಿ ಜನಿಸಿ ನ್ಯೂಯಾರ್ಕಿನಲ್ಲಿ ನೆಲಸಿದ ಇವರು ಬೆಕ್ಕನ್ನು ಆಸ್ಪತ್ರೆಗೆ ತರಿಸದೆ ತಾವೇ ಅದರ ಮನೆಗೆ ಹೋಗುತ್ತಿದ್ದರು. ರಾತ್ರಿಯ ಈ ಸಂಚಾರದಲ್ಲಿ ಪತ್ನಿ ಅಲೆಕ್ಸಾಂಡ್ರಾ ಅವರಿಗೆ ಜೊತೆಯಾಗಿರುತ್ತಿದ್ದರು. ವೈದ್ಯನು ಬಂದನೆಂದು ತಿಳಿದೊಡನೆ ಬೆಕ್ಕು ಮಂಚದಡಿಗೆ ನುಸುಳುವುದು. ಅದನ್ನು ಹುಡುಕಿ ಹೊರತೆಗೆಯುವುದೇ ಚಿಕಿತ್ಸೆಯ ಮೊದಲ ಅಂಗ. 1980ರಲ್ಲಿ ಪ್ರಕಟವಾದ ತಮ್ಮ ಅನುಭವಗಳ ಪುಸ್ತಕಕ್ಕೆ ಅವರು, ನನ್ನ ರೋಗಿಗಳೆಲ್ಲರೂ ಮಂಚದ ಕೆಳಗಿರುವರು ಎಂಬರ್ಥದ ಹೆಸರನ್ನೇ ಇಟ್ಟರು. ಮರುವರ್ಷ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ. ಗಂಡಹೆಂಡಿರ ಒಂದು ಸಂಸಾರವು ಹೊತ್ತುಕೊಂಡು ನಡೆಸಿದ ವೈದ್ಯಶಾಲೆ ಅದೆಂದರೆ ತಪ್ಪಾಗದು.

ಇಂಗ್ಲೆಂಡಿನಲ್ಲಿ 1958ರಲ್ಲಿ ಜೋನ್ ಜಡ್ ಎಂಬ ಮಹಿಳೆಯು, ವೈದ್ಯರಿಗೂ ಬೆಕ್ಕಿನ ರೋಗಗಳ ವಿಷಯದಲ್ಲಿ ತಿಳಿವಳಿಕೆ ಸಾಲದೆಂಬುದನ್ನು ಕಂಡು, ಬೆಕ್ಕಿನ ಆರೋಗ್ಯಕ್ಕಾಗಿಯೇ ಒಂದು ಸಲಹಾಮಂಡಲಿಯನ್ನು ಹುಟ್ಟಿಸಿದರು. ಅದೇ ಇಂದು ಅಂತರರಾಷ್ಟ್ರೀಯ ಸಂಸ್ಥೆಯಾಗಿ ಬೆಳೆದಿದೆ. ಅಮೆರಿಕೆಯಲ್ಲಿ ಬೆಕ್ಕಿನ ವೈದ್ಯರ ಸಂಘವು 1971ರಲ್ಲಿ ಕೂಡಿತು. ಮೊದಲು ಮನೆ, ಆ ಮೇಲೆ ಸಂಘ, ಅದರ ಬೆನ್ನಿಗೆ ವಿಶ್ವವಿದ್ಯಾಲಯ: ಈ ಶಾಸ್ತ್ರವು ಬೆಳೆದ ಕ್ರಮವು ಇದಾಗಿದೆ.

ಹೀಗೆ ಪ್ರತ್ಯೇಕವಾಗಿ ನೋಡಿದುದರಿಂದ ಲಾಭವೇನಾಯಿತು? ಬೆಕ್ಕು ಸಣ್ಣ ನಾಯಿಯಲ್ಲವೆಂಬುದು ಗೊತ್ತಾಯಿತು. ಸುಲಭವಾಗಿ ಕಾಣುವ ಈ ಮಾತಿನಲ್ಲಿ ಅನೇಕ ಜೀವಗಳ ಅಳಿವು ಉಳಿವು ಅಡಗಿದೆ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಗುಳಿಗೆಯನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆಂದರೆ ಸಲ್ಲುವುದು. ಒಂದೇ ಗುಳಿಗೆಯಿಂದ ಅದರ ರಕ್ತ ಕೆಟ್ಟು ಪ್ರಾಣ ಹೋಗಬಹುದು. ನಾಯಿಯ ಮೈಗೆ ಉಣ್ಣೆ ಬಾರದಂತೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಬೆಕ್ಕಿಗೆ ವಿಷ. ಮೂತ್ರಕ್ಕೆಂದು ಪದೇಪದೇ ಕುಳಿತು ಒಂದು ಹನಿಯೂ ಬಾರದ ಗಂಡುಬೆಕ್ಕನ್ನು ನಾಳೆ ನೋಡೋಣವೆಂದು ಬಿಟ್ಟರೆ ಒಂದೆರಡು ದಿನಗಳಲ್ಲಿ ಅದು ಸಾಯುವುದು. ಇನ್ನು ಆಹಾರದ ಮಾತು. ಟಾರಿನ್ ಎಂಬ ಸತ್ತ್ವವನ್ನು ಬೆಕ್ಕಿನ ಶರೀರವು ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದು. ಮಾಂಸ ಮೀನುಗಳಿಂದಲೇ ಅದು ಬರಬೇಕು. ಇದರ ಕೊರತೆಯಿಂದ ಕಣ್ಣು ಕುರುಡಾಗುವುದೆಂದು 1975ರಲ್ಲಿ, ಹೃದಯವು ಸೋತು ಹಿಗ್ಗುವುದೆಂದು 1987ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿಕೊಟ್ಟರು.

ಈಗ ಈ ತಿಳಿವಳಿಕೆಯನ್ನು ಹಿಡಿದು ನಮ್ಮ ಮನೆಗಳ ಕಡೆಗೆ ತಿರುಗೋಣ. ಉಡುಪಿಯ ರಥಬೀದಿಯ ಸುತ್ತಣ ಸಸ್ಯಾಹಾರಿಗಳ ಮನೆಯಲ್ಲಿ ಬೆಕ್ಕಿಗೆ ಪ್ರೀತಿಯಿಂದ ಇಕ್ಕುವುದು ಹಾಲನ್ನ, ಮಜ್ಜಿಗೆಯನ್ನ. ಮನೆಯವರ ಆಚಾರವು ಅವರಿಗೆ ಪೂಜ್ಯವಾದುದು. ಅದನ್ನು ಕೆಡಿಸಬೇಕೆಂದು ನಾವು ಹೇಳಲಾರೆವು. ಆದರೆ ಹೊರಗೆ ಇಲಿ ಓತಿ ಹಿಡಿಯಲು ಬಿಡದೆ ಬಾಗಿಲಿಕ್ಕಿ ಸಾಕಿದ ಬೆಕ್ಕಿಗೆ ಬರಿಯ ಹಾಲನ್ನವು ನಿಧಾನವಾದ ಉಪವಾಸವೆಂಬುದನ್ನು ತಿಳಿಸದಿರುವುದು ಸಂಕೋಚದ ಹೆಸರಿನಲ್ಲಿ ಮಾಡುವ ಅಪಕಾರ. ಅದಕ್ಕೆ ಬೇಕಾದ ಸತ್ತ್ವಗಳನ್ನು ಕೂಡಿಸಿದ ಸಿದ್ಧ ಆಹಾರವು ಇಂದು ಅಂಗಡಿಗಳಲ್ಲಿ ದೊರೆಯುವುದು; ಅದನ್ನು ಅಡಿಗೆಮನೆಯ ಹೊರಗೆ ಇಟ್ಟು ಹಾಕಬಹುದು.

ಕಾಪುವಿನ ಕಡಲಕರೆಗೆ ಬಂದರೆ ಸ್ಥಿತಿಯು ತಿರುವುಮುರುವು. 1901ರ ದೀಪಸ್ತಂಭದ ಆಸುಪಾಸಿನ ಮೀನುಗಾರರ ಮನೆಗಳಲ್ಲಿ ಬೆಕ್ಕಿಗೆ ಬೂತಾಯಿ ಬಂಗುಡೆಗಳಿಗೆ ಬರವಿಲ್ಲ. ಆದರೆ ಬರಿಯ ಎಣ್ಣೆಮೀನನ್ನೇ ದಿನವೂ ತಿಂದ ಬೆಕ್ಕಿಗೆ ಇ ಜೀವಸತ್ತ್ವದ ಕೊರತೆಯುಂಟಾಗಿ ಮೈಯ ಕೊಬ್ಬು ಉರಿತು ಮುಟ್ಟಿದರೆ ಚೀರುವ ರೋಗವು ಬರುವುದು. ಕಾರ್ಕಳದ ಕಡೆಯ ಬೇಸಾಯಗಾರನ ಮನೆಯಲ್ಲಿ ಬೆಕ್ಕು ಅಕ್ಕಿಮುಡಿಯ ಕಾವಲುಗಾರ. ಆಟಿ ತಿಂಗಳ ಮಳೆಯಲ್ಲಿ ಗದ್ದೆಯ ನೀರಿಗೆ ಇಲಿಯ ಮೂತ್ರ ಸೇರಿ ಹರಡುವ ಇಲಿಜ್ವರವು ಈ ಕರಾವಳಿಯನ್ನು ಕಾಡುತ್ತಲೇ ಇದೆ. ಬೆಕ್ಕೊಂದರಿಂದಲೇ ಈ ರೋಗ ನಿಲ್ಲುವುದೆಂದು ನಾವು ಹೇಳೆವು. ಕಣಜದ ಬಳಿ ಇಲಿಯನ್ನು ಹೆದರಿಸುವ ಪ್ರಾಣಿಯನ್ನು ಆರೋಗ್ಯವಾಗಿಟ್ಟುಕೊಳ್ಳುವುದು ಮಾತ್ರ ರೈತನಿಗೆ ನಷ್ಟದ ವ್ಯವಹಾರವಲ್ಲ. ಮಣಿಪಾಲದಲ್ಲಿ ಇನ್ನೊಂದು ಬಗೆ. ಓದಲು ಬಂದ ವಿದ್ಯಾರ್ಥಿಯು ಒಂಟಿತನಕ್ಕೆ ಮರಿಯೊಂದನ್ನು ಸಾಕಿ, ಪರೀಕ್ಷೆ ಮುಗಿದೊಡನೆ ಅದನ್ನು ಬೀದಿಗೆ ಬಿಟ್ಟುಹೋದರೆ, ಆ ಮರಿಯು ಐದಾರು ತಿಂಗಳಲ್ಲೇ ಗರ್ಭ ಧರಿಸಿ, ಒಂಬತ್ತು ವಾರಗಳಲ್ಲಿ ಈಯುವುದು. ಒಂದು ಉದಾಸೀನದ ಫಲವನ್ನು ಒಂದು ಕೇರಿಯೇ ಅನುಭವಿಸಬೇಕಾಗುವುದು.

ನಾಲ್ಕು ಊರುಗಳ ಈ ನಾಲ್ಕು ಬೆಕ್ಕುಗಳಿಗೂ ಸಮಾನವಾದ ಎರಡು ಶತ್ರುಗಳುಂಟು. ಮೊದಲನೆಯದು ಬೆಕ್ಕಿನ ಪಾರ್ವೊ ರೋಗ. ವಾಂತಿ ಭೇದಿಗಳಿಂದ ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಲ್ಲುವ ಈ ವೈರಾಣುವು ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಜೀವಿಸಿದ್ದು ಮುಂದಿನ ಮರಿಗೂ ಕಾದಿರುವುದು. ಮರಿಗೆ ಆರೆಂಟು ವಾರ ತುಂಬಿದಾಗ ಮೊದಲುಮಾಡಿ ನಾಲ್ಕನೆಯ ತಿಂಗಳವರೆಗೆ ಕ್ರಮವಾಗಿ ಲಸಿಕೆ ಹಾಕಿಸಿದರೆ ಇದನ್ನು ತಡೆಯಬಹುದು. ಎರಡನೆಯದು ಹುಚ್ಚುನಾಯಿ ರೋಗ. ಹೆಸರು ನಾಯಿಯದಾದರೂ ಬೆಕ್ಕಿಗೂ ಅದು ತಗಲುವುದು, ಬೆಕ್ಕಿನ ಕಡಿತದಿಂದ ಮನುಷ್ಯನಿಗೂ ಬರುವುದು. ಲೋಕದಲ್ಲಿ ಈ ರೋಗದಿಂದ ಸಾಯುವವರಲ್ಲಿ ಸುಮಾರು ಮೂರರಲ್ಲೊಂದು ಪಾಲು ನಮ್ಮ ದೇಶದವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣಗಳು ತೋರಿದ ಮೇಲೆ ಇದಕ್ಕೆ ಔಷಧವಿಲ್ಲ. ಒಂದು ಕಾಲದಲ್ಲಿ ಹುಚ್ಚುನಾಯಿ ಕಡಿದವರಿಗೆ ಮದ್ರಾಸ್ ಪ್ರಾಂತದಲ್ಲಿ 1907ರಲ್ಲಿ ಕೂನೂರಿನ ಬೆಟ್ಟದ ಮೇಲೆ ತೆರೆದ ಪಾಶ್ಚರ್ ಸಂಸ್ಥೆಯೇ ಆಸರೆಯಾಗಿತ್ತು. ಇಂದು ಲಸಿಕೆಯು ಹತ್ತಿರದ ಆಸ್ಪತ್ರೆಗೆ ಬಂದಿದೆ. ಆದರೂ ನಾಯಿ ಕಡಿದರೆ ಓಡುವ ಗೃಹಸ್ಥನು ಮಗುವನ್ನು ಬೆಕ್ಕು ಪರಚಿ ಕಚ್ಚಿದರೆ ಅರಸಿನ ಹಚ್ಚಿ ಸುಮ್ಮನಾಗುವನು. ಇದು ಪ್ರಾಣಾಂತಿಕವಾದ ಅಲಕ್ಷ್ಯ. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆ ದಿನವೇ ವೈದ್ಯನಲ್ಲಿಗೆ ಹೋಗಬೇಕು. ಬೆಕ್ಕಿಗೆ ಮೂರು ತಿಂಗಳಾದಾಗ ಈ ರೋಗದ ಲಸಿಕೆಯನ್ನು ಹಾಕಿಸಿಡುವುದು ಮನೆಯ ಮಕ್ಕಳ ರಕ್ಷಣೆಯೇ ಆಗಿದೆ. ಮನುಷ್ಯರಿಗೆ ಹಾಸಿಗೆಯಿಲ್ಲದಿರುವಾಗ ಬೆಕ್ಕಿಗೆ ವೈದ್ಯನೇಕೆ ಎಂದು ಕೇಳಿದವರಿಗೆ ನಮ್ಮ ಮೊದಲ ಉತ್ತರವು ಇದು. ಬೆಕ್ಕಿನ ವೈದ್ಯನು ಒಮ್ಮೊಮ್ಮೆ ಮನುಷ್ಯನ ಹಾಸಿಗೆಯನ್ನೂ ಉಳಿಸುವನು.

ಎರಡನೆಯ ಉತ್ತರವು ಕೆಲಸದ ಸ್ವಭಾವಕ್ಕೆ ಸಂಬಂಧಿಸಿದುದು. ಪಶುವೈದ್ಯ ಆಸ್ಪತ್ರೆಯ ಅಂಗಳದಲ್ಲಿ ಹಸು ಕೂಗುತ್ತಿರಲು, ನಾಯಿಗಳು ಬೊಗಳುತ್ತಿರಲು, ಚೀಲದೊಳಗೆ ಕಟ್ಟಿ ತಂದ ಬೆಕ್ಕು ಭಯದಿಂದಲೇ ಅರ್ಧ ಸತ್ತಿರುವುದು. ಅದರ ನಾಡಿಯ ಓಟವು ರೋಗದ್ದೋ ಅಂಜಿಕೆಯದ್ದೋ ಎಂದು ಹೇಳಲು ವೈದ್ಯನಿಗೂ ಸಾಧ್ಯವಾಗದು. ಬೆಕ್ಕು ನೋವನ್ನು ಅಡಗಿಸುವ ಪ್ರಾಣಿ. ಅದರ ರೋಗವನ್ನು ಮೊದಲು ಅರಿಯುವವರು ಮನೆಯ ಹೆಂಗಸರು, ಮುದುಕರು, ಮಕ್ಕಳು: ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಜಗಲಿಗೆ ಹಾರುತ್ತಿಲ್ಲ, ಒಲೆಯ ಮೂಲೆ ಬಿಟ್ಟೇಳುತ್ತಿಲ್ಲ ಎಂಬುದು ಅವರ ಕಣ್ಣಿಗೆ ಬೀಳುವುದು. ಅವರ ಮಾತನ್ನು ಅವಸರವಿಲ್ಲದೆ ಕೇಳುವವನೇ ಬೆಕ್ಕಿನ ವೈದ್ಯನಾಗಬಲ್ಲನು. ಈ ಕಾರಣದಿಂದಲೇ ಈ ವೃತ್ತಿಯು ಒಂದು ಸಂಸಾರಕ್ಕೆ ಸಹಜವಾಗಿ ಒಪ್ಪುವುದು. ಒಬ್ಬರು ಹಿಡಿಯಬೇಕು, ಒಬ್ಬರು ನೋಡಬೇಕು, ಒಬ್ಬರು ಬರೆದಿಡಬೇಕು. ಅರ್ಧರಾತ್ರಿಯಲ್ಲಿ ಬಾಗಿಲು ತಟ್ಟಿದರೆ ತೆರೆಯುವವರು ಬೇಕು.

ಆದರೆ ಮನೆತನದ ವೈದ್ಯಶಾಲೆಗೆ ಒಂದು ದೌರ್ಬಲ್ಯವೂ ಉಂಟು. ಮಗನು ಬೇರೆ ಉದ್ಯೋಗ ಹಿಡಿದು ಪರದೇಶಕ್ಕೆ ಹೋದನೆಂದರೆ ಇಬ್ಬರು ಹಿರಿಯರ ಅನುಭವವು ಅವರೊಡನೆಯೇ ಮುಗಿಯುವುದು. ನಮ್ಮಲ್ಲಿ ಎಷ್ಟು ನಾಟಿವೈದ್ಯರ ವಿದ್ಯೆ ಹೀಗೆ ಮಣ್ಣಾಗಿಲ್ಲ! ಈ ವಿಷಯದಲ್ಲಿ ಮಣಿಪಾಲದ ಬೋಳುಗುಡ್ಡವೇ ನಮಗೆ ಪಾಠ ಹೇಳುವುದು. ಉಡುಪಿಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಟಿ. ಎಂ. ಎ. ಪೈಗಳು ತಮ್ಮ ಸಂಕಲ್ಪವನ್ನು ತಮ್ಮೊಬ್ಬರ ಔಷಧಾಲಯದಲ್ಲಿಯೇ ಮುಗಿಸದೆ, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದರಿಂದಲೇ ಅವರ ಕಾರ್ಯವು ಅವರ ಆಯುಷ್ಯವನ್ನು ಮೀರಿ ಬೆಳೆಯಿತು. ಮನೆಯು ಹಚ್ಚಿದ ದೀಪಕ್ಕೆ ಎಣ್ಣೆ ಹೊಯ್ಯುವುದು ಸಮಾಜದ ಕೆಲಸ.

ಆದಕಾರಣ ಕೆಲವು ಸೂಚನೆಗಳನ್ನು ಅಧಿಕಾರಿಗಳ ಮತ್ತು ನಾಗರಿಕರ ಮುಂದೆ ವಿನಯದಿಂದ ಇಡುವೆವು. ಪಶುವೈದ್ಯ ಇಲಾಖೆಯವರು ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಅಪರಾಹ್ನವನ್ನು ಬೆಕ್ಕುಗಳಿಗೇ ಮೀಸಲಿಡಬಹುದು. ಇದಕ್ಕೆ ಹೊಸ ಕಟ್ಟಡ ಬೇಡ, ನಿಶ್ಶಬ್ದವಾದ ಒಂದು ಕೋಣೆಯೂ ಬಾಗಿಲಿಗೆ ಒಂದು ಫಲಕವೂ ಸಾಕು. ಉಡುಪಿಯ ನಗರಸಭೆಯೂ ಕಾರ್ಕಳ ಕಾಪುಗಳ ಪುರಸಭೆಗಳೂ ಬೀದಿನಾಯಿಗಳ ಸಂತಾನ ನಿಯಂತ್ರಣದ ಯೋಜನೆಯನ್ನು ಆಲೋಚಿಸುವಾಗ ಬೆಕ್ಕನ್ನೂ ನೆನೆಯಲಿ. ಗೋಣಿಯಲ್ಲಿ ಕಟ್ಟಿ ಮರಿಗಳನ್ನು ಮೀನುಮಾರುಕಟ್ಟೆಯಲ್ಲಿ ಬಿಡುವ ಕ್ರೌರ್ಯಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಮುಂದಿನ ಗಣತಿಯಲ್ಲಿ ಬೆಕ್ಕಿಗೂ ಒಂದು ಕಲಮು ಇರಲಿ. ಎಣಿಸದ ಪ್ರಾಣಿಗೆ ಎಷ್ಟು ಲಸಿಕೆ ಬೇಕೆಂದು ಯಾರು ಲೆಕ್ಕ ಹಾಕಬಲ್ಲರು? ಪಶುವೈದ್ಯ ವಿದ್ಯೆಯಲ್ಲಿ ತೇರ್ಗಡೆ ಹೊಂದಿ ಬರುತ್ತಿರುವ ತರುಣ ತರುಣಿಯರು ಈ ಶಾಖೆಯಲ್ಲಿ ವಿಶೇಷ ಪರಿಶ್ರಮ ಪಡೆಯಲಿ. ಕನ್ನಡದಲ್ಲಿ ಗೋವೈದ್ಯವನ್ನು ಒಂಬತ್ತುನೂರು ವರ್ಷಗಳ ಹಿಂದೆಯೇ ಕಂಡ ನಮಗೆ ಮಾರ್ಜಾಲವೈದ್ಯದ ಒಂದು ಒಳ್ಳೆಯ ಕೈಪಿಡಿಯನ್ನು ಬರೆದು ಮನೆಮನೆಗೆ ಹಂಚುವುದು ಅಸಾಧ್ಯವೇ?

ಗೃಹಸ್ಥರಿಗೂ ಒಂದು ಮಾತು. ನಮ್ಮ ಔಷಧವನ್ನು ಬೆಕ್ಕಿಗೆ ಹಾಕಬೇಡಿರಿ. ಎರಡು ದಿನ ಉಣ್ಣದ ಬೆಕ್ಕನ್ನು ಹಟಮಾರಿಯೆಂದು ಬೈಯದೆ ವೈದ್ಯನಿಗೆ ತೋರಿಸಿರಿ. ಒಯ್ಯುವಾಗ ಗಟ್ಟಿಯಾದ ಬುಟ್ಟಿಯಲ್ಲಿ ಅದರ ಹಳೆಯ ಬಟ್ಟೆಯನ್ನು ಹಾಸಿ, ಮೇಲೊಂದು ಬಟ್ಟೆ ಮುಚ್ಚಿ ಒಯ್ಯಿರಿ. ಕತ್ತಲೆಯೂ ಪರಿಚಿತವಾದ ವಾಸನೆಯೂ ಅದರ ಅರ್ಧ ಭಯವನ್ನು ಕಳೆಯುವುವು.

ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಗೊಮ್ಮಟನು ಜೀವದಯೆಯನ್ನು ಸಾರುವ ಮತದ ಮಹಾಪುರುಷ. ಉಡುಪಿಯಲ್ಲಿ ಪೂಜೆಗೊಳ್ಳುವವನು ಗೋವುಗಳನ್ನು ಕಾದವನು. ಇಂತಹ ನೆಲದಲ್ಲಿ ದಯೆಯ ಪಾಠವನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ದಯೆಯೊಂದರಿಂದಲೇ ಪ್ರಾಣಿಯು ಬದುಕದೆಂಬುದನ್ನು ಮಾತ್ರ ನೆನಪಿಸಬೇಕಾಗಿದೆ. ಪ್ರೀತಿಯಿಂದ ಗುಳಿಗೆ ತಿನ್ನಿಸಿ ಬೆಕ್ಕನ್ನು ಕೊಂದವನೂ ದಯಾಳುವೇ ಆಗಿದ್ದನು. ಅವನಿಗೆ ಇಲ್ಲದಿದ್ದುದು ತಿಳಿವಳಿಕೆ, ಮತ್ತು ಕೇಳಲು ಹತ್ತಿರದಲ್ಲಿ ಒಬ್ಬ ವೈದ್ಯ. ಎಲ್ಲಿಯೋ ಒಂದು ಮನೆಯ ಜಗಲಿಯಲ್ಲಿ ಗಂಡಹೆಂಡಿರಿಬ್ಬರು ಅಂತಹ ಬಾಗಿಲನ್ನು ತೆರೆದರೆ, ಊರಿನವರು ನಗುವುದನ್ನು ಬಿಟ್ಟು ಬುಟ್ಟಿ ಹಿಡಿದು ಅಲ್ಲಿಗೆ ಹೋಗಲಿ.